ಹಳೇ ಕೈಗಡಿಯಾರ ಕೊಳ್ಳುವ ಮುಂಚೆ: ಏನು ನೋಡಬೇಕು, ಬೆಲೆ ಹೇಗೆ ಕಟ್ಟಬೇಕು

ಹಳೇ ವಾಚ್ ಒಂದನ್ನು ಕೈಗೆ ಕೊಟ್ಟರೆ ಹೆಚ್ಚಿನವರು ಮೊದಲು ಅದನ್ನು ಕಿವಿಗೆ ಹಿಡಿಯುತ್ತಾರೆ. ಟಿಕ್ ಟಿಕ್ ಅಂತ ಕೇಳಿಸಿದರೆ ಸಾಕು, ಮನಸ್ಸು ಅರ್ಧ ಸೋತಿರುತ್ತದೆ. ನಾನೂ ಬಹಳ ಕಾಲ ಹಾಗೇ ಕೊಳ್ಳುತ್ತಿದ್ದೆ. ಈಗ ಕಿವಿಗೆ ಹಿಡಿಯುವುದು ಎಲ್ಲಾ ಮುಗಿದ ಮೇಲೆ.

ಕಾರಣ ಇಷ್ಟೇ. ನಿಂತ ವಾಚನ್ನು ಓಡಿಸಬಹುದು. ಒಣಗಿದ ಎಣ್ಣೆ ತೊಳೆದು ಹೊಸದು ಹಾಕಬಹುದು, ತುಂಡಾದ ಸ್ಪ್ರಿಂಗ್ ಬದಲಿಸಬಹುದು, ಗೀರು ಬಿದ್ದ ಗಾಜು ತೆಗೆದು ಬೇರೆ ಕೂರಿಸಬಹುದು. ಆದರೆ ಮತ್ತೆ ಬಣ್ಣ ಬಳಿದ ಡಯಲ್‌ಗೆ ಅದರ ಮೊದಲ ಬಣ್ಣ ವಾಪಸ್ ಬರುವುದಿಲ್ಲ. ಪಾಲಿಶ್ ಮಾಡಿ ಮಾಡಿ ಸವೆದ ಕೇಸಿನ, ಅಂದರೆ ವಾಚಿನ ಲೋಹದ ಹೊರಮೈಯ, ಅಂಚೂ ವಾಪಸ್ ಬರುವುದಿಲ್ಲ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಸರಿ ಮಾಡಬಹುದಾ, ಇಲ್ವಾ? ಸರಿ ಮಾಡಬಹುದಾದದ್ದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸರಿ ಮಾಡಲಾಗದ್ದು ಕಂಡರೆ ಬೆಲೆ ಎಷ್ಟೇ ಇಳಿದರೂ ಎರಡು ಸಲ ಯೋಚಿಸಿ.

ಇಲ್ಲಿ ಹೇಳುತ್ತಿರುವುದು ಕೀ ಕೊಡುವ ವಾಚ್ ಮತ್ತು ಕೈಯ ಅಲ್ಲಾಟದಿಂದ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚ್‌ಗಳ ಬಗ್ಗೆ. 1969ರ ಡಿಸೆಂಬರ್‌ನಲ್ಲಿ ಸೀಕೊ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರ ತಂದಿತು. ಆಮೇಲೆ ಸೆಲ್ ಹಾಕುವ ಕ್ವಾರ್ಟ್ಜ್ ವಾಚುಗಳ ಕಾಲ ಶುರುವಾಯಿತು. ಅವುಗಳ ಪರೀಕ್ಷೆಯೇ ಬೇರೆ.

ಜೊತೆಗೆ ಇಟ್ಟುಕೊಳ್ಳಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಚಿಕ್ಕ ಟಾರ್ಚ್, ಯುವಿ ಬೆಳಕಿನ ಟಾರ್ಚ್, ಮುಳ್ಳಿರುವ ಒಂದು ಪುಟ್ಟ ದಿಕ್ಸೂಚಿ. ಇವಿಷ್ಟೂ ಒಂದು ಜೇಬಿನಲ್ಲಿ ಹಿಡಿಯುತ್ತವೆ.

ಹೆಜ್ಜೆ 1: ವಾಚ್ ನೋಡುವ ಮುಂಚೆ ಅದರ ಬಗ್ಗೆ ಓದಿ

ಮಾರುವವರು ಹೇಳಿದ ಮಾಡೆಲ್ ನಂಬರ್ ಹಿಡಿದು, ಅದೇ ಮಾಡೆಲ್‌ನ ಕಡಿಮೆ ಅಂದರೂ ಇಪ್ಪತ್ತು ವಾಚುಗಳ ಫೋಟೊ ನೋಡಿ. ದೊಡ್ಡ ಹರಾಜು ಸಂಸ್ಥೆಗಳ ಹಳೇ ಕ್ಯಾಟಲಾಗ್‌ಗಳು, ಕಂಪನಿಯ ಹಳೇ ಜಾಹೀರಾತುಗಳು ಒಳ್ಳೇ ಆಧಾರ. ಮುಳ್ಳುಗಳ ಆಕಾರ ಹೇಗಿದೆ, ಕಂಪನಿಯ ಹೆಸರು ಯಾವ ಅಕ್ಷರದಲ್ಲಿದೆ, ಹೆಸರಿನ ಕೆಳಗೆ ಎಷ್ಟು ಸಾಲು ಬರಹ ಇದೆ, ಕೀ ಕೊಡುವ ಗುಂಡಿಯ ಮೇಲೆ ಕಂಪನಿಯ ಗುರುತು ಇದೆಯಾ ಅಂತ ಬರೆದಿಟ್ಟುಕೊಳ್ಳಿ. ಇದು ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಇಪ್ಪತ್ತು ಸರಿಯಾದ ಡಯಲ್ ನೋಡಿದ ಕಣ್ಣಿಗೆ ಇಪ್ಪತ್ತೊಂದನೆಯದು ತಪ್ಪಾಗಿದ್ದರೆ ತಾನಾಗೇ ಚುಚ್ಚುತ್ತದೆ.

ದೂರದಿಂದ ಕೊಳ್ಳುವುದಾದರೆ ಮಾರುವವರ ಹತ್ತಿರ ಇಷ್ಟು ಫೋಟೊ ಕೇಳಿ: ಹೊಳಪು ಬೀಳದಂತೆ ಎದುರಿನಿಂದ ತೆಗೆದ ಡಯಲ್, ಎರಡೂ ಪಕ್ಕ, ಬೆಲ್ಟ್ ಬಿಚ್ಚಿ ತೆಗೆದ ಕೇಸಿನ ಕೊಂಬುಗಳು (ಬೆಲ್ಟ್ ಕೂರುವ ನಾಲ್ಕು ಚಾಚುಗಳು), ಹಿಂಬದಿ ಮುಚ್ಚಳದ ಹೊರಗೆ ಮತ್ತು ಒಳಗೆ, ಮತ್ತೆ ಮಷಿನ್. ಮಷಿನ್ ಫೋಟೊ ಕೊಡಲು ಆಗಲ್ಲ ಅಂದರೆ ಜಗಳ ಬೇಡ. ಮಷಿನ್ ಕೆಟ್ಟಿದೆ ಅಂತಲೇ ಲೆಕ್ಕ ಹಿಡಿದು ಬೆಲೆ ಹೇಳಿ.

ಹೆಜ್ಜೆ 2: ಡಯಲ್ ಮುಂದೆ ಕೂತು ಸಮಯ ಕೊಡಿ

ಹಳೇ ವಾಚಿನ ಬೆಲೆಯ ಬಹುಪಾಲು ಇರುವುದು ಡಯಲ್‌ನಲ್ಲಿ. ಹತ್ತು ನಿಮಿಷ ನೋಡಲು ಸಿಕ್ಕಿದರೆ ಐದು ನಿಮಿಷ ಇದಕ್ಕೇ ಇಡಿ.

ದೊಡ್ಡ ಅಪಾಯ ರೀಡಯಲ್. ಅಂದರೆ ಮಾಸಿದ ಹಳೇ ಡಯಲನ್ನು ಉಜ್ಜಿ, ಹೊಸ ಬಣ್ಣ ಬಳಿದು, ಅಕ್ಷರ ಮತ್ತೆ ಅಚ್ಚು ಹಾಕುವುದು. ಒಂದು ಕಾಲದಲ್ಲಿ ಇದು ಮೋಸ ಆಗಿರಲಿಲ್ಲ. ಸರ್ವೀಸಿಗೆ ಕೊಟ್ಟಾಗ ವಾಚ್ ಹೊಸದರಂತೆ ಕಾಣಲಿ ಅಂತ ಮಾಲೀಕರೇ ಮಾಡಿಸುತ್ತಿದ್ದರು. ಆದರೆ ಇವತ್ತು ಸಂಗ್ರಹಕಾರರು ಕೊಡುವ ದುಡ್ಡು ಕಾರ್ಖಾನೆಯಿಂದ ಬಂದ ಡಯಲ್‌ಗೆ, ಹೊಳೆಯುವ ಡಯಲ್‌ಗೆ ಅಲ್ಲ.

ನಾನು ಕಣ್ಣಾರೆ ಕಲಿತದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ 1950ರ ದಶಕದ ಒಂದು ಸ್ವಿಸ್ ವಾಚ್ ಕೊಂಡೆ. ಕೆನೆ ಬಣ್ಣದ ಡಯಲ್, ಆರು ಗಂಟೆಯ ಜಾಗದಲ್ಲಿ ಸೆಕೆಂಡಿನ ಪುಟ್ಟ ವೃತ್ತ. ಒಂದು ಕಲೆ ಇರಲಿಲ್ಲ. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಮೊದಲು ಕಂಡದ್ದು ಆ ಪುಟ್ಟ ವೃತ್ತದ ಗೆರೆ. ಹದಿನೈದರ ಹತ್ತಿರ ದಪ್ಪ, ನಲವತ್ತೈದರ ಹತ್ತಿರ ಸಣ್ಣ. ವೃತ್ತ ಡಯಲ್‌ನಲ್ಲಿ ಸ್ವಲ್ಪ ತಗ್ಗಿನಲ್ಲಿ ಇರುತ್ತದಲ್ಲ, ಗೆರೆ ಆ ತಗ್ಗಿನ ಅಂಚು ದಾಟಿ ಮೇಲಕ್ಕೆ ಹತ್ತಿತ್ತು. ಆಮೇಲೆ ಕಂಪನಿಯ ಹೆಸರು ನೋಡಿದೆ. ಅಕ್ಷರಗಳ ತುದಿ ಮೊಂಡಾಗಿತ್ತು, ಶಾಯಿ ಇಂಗಿ ಹರಡಿದ ಹಾಗೆ. ಅಂಟಿಸಿದ ಗಂಟೆ ಗುರುತುಗಳ ಬುಡದಲ್ಲಿ ಬಣ್ಣ ಕೂತು ಗಟ್ಟಿಯಾಗಿತ್ತು. ಅಷ್ಟೂ ಮಾರುವವರ ಮುಂದೆಯೇ ಕಾಣಬೇಕಿತ್ತು. ಕಲೆ ಇಲ್ಲ ಅನ್ನುವುದನ್ನೇ ನಾನು ಗುಣ ಅಂತ ತಿಳಿದಿದ್ದೆ. ಎಪ್ಪತ್ತು ವರ್ಷದ ಡಯಲ್‌ನಲ್ಲಿ ಒಂದು ಕಲೆಯೂ ಇಲ್ಲ ಅಂದರೆ ಅಲ್ಲೇ ಅನುಮಾನ ಶುರುವಾಗಬೇಕಿತ್ತು.

ಆ ವಾಚ್ ಈಗಲೂ ನನ್ನ ಹತ್ತಿರ ಇದೆ. ಕಣ್ಣು ಪಳಗಿಸಿಕೊಳ್ಳಲು ಅದನ್ನು ಆಗಾಗ ತೆಗೆದು ನೋಡುತ್ತೇನೆ.

ನೀವು ನೋಡಬೇಕಾದದ್ದು ಹೀಗೆ. ಅಕ್ಷರದ ಅಂಚು ಚೂಪಾಗಿದೆಯಾ? ಕಾರ್ಖಾನೆಯ ಅಚ್ಚಿನಲ್ಲಿ ಶಾಯಿ ಸ್ವಲ್ಪ ಉಬ್ಬಿ, ಅಂಚು ಕತ್ತರಿಸಿದ ಹಾಗೆ ಇರುತ್ತದೆ. ನಿಮಿಷದ ಗೆರೆಗಳ ನಡುವಿನ ಜಾಗ ಎಲ್ಲ ಕಡೆ ಒಂದೇ ಇದೆಯಾ? ಗಂಟೆಯ ಗುರುತಿನ ಎದುರಿಗೆ ನಿಮಿಷದ ಗೆರೆ ಸರಿಯಾಗಿ ಕೂತಿದೆಯಾ? ಕೆಳಗೆ ಆರರ ಹತ್ತಿರ ‘ಸ್ವಿಸ್’ ಅಥವಾ ‘ಸ್ವಿಸ್ ಮೇಡ್’ ಎಂಬ ಬರಹ ಗಾಜಿನ ಅಂಚಿನ ಕೆಳಗೆ ಅರ್ಧ ಮುಚ್ಚಿಹೋಗಿದೆಯಾ? ತಾರೀಖಿನ ಕಿಟಕಿಯ ಅಂಚು ನುಣುಪಾಗಿದೆಯಾ, ಬಣ್ಣ ತುಂಬಿ ದುಂಡಗಾಗಿದೆಯಾ? ಡಯಲ್‌ನ ಹೊರ ಅಂಚಿನಲ್ಲಿ ಸಣ್ಣ ಕಚ್ಚು ಕಂಡರೆ ಅದೂ ಒಂದು ಸುಳಿವು. ಮರು ಅಚ್ಚು ಹಾಕುವವರು ಡಯಲ್ ತಿರುಗದಂತೆ ಹಿಡಿಯಲು ಕೆಲವೊಮ್ಮೆ ಅಂಥ ಗುರುತು ಮಾಡುತ್ತಾರೆ. ಇಂಥ ತಪ್ಪು ಒಂದೇ ಒಂದು ಕಂಡರೆ ತೀರ್ಮಾನ ಬೇಡ. ಎರಡು ಮೂರು ಸೇರಿದರೆ ಅದು ರೀಡಯಲ್ಲೇ, ಅನುಮಾನ ಬೇಡ.

ಇನ್ನು ಒಳ್ಳೇ ವಯಸ್ಸು, ಕೆಟ್ಟ ವಯಸ್ಸು ಅಂತ ಇದೆ. ಡಯಲ್ ಎಲ್ಲ ಕಡೆ ಒಂದೇ ಸಮ ಹಳದಿಯಾಗಿದ್ದರೆ, ಕಪ್ಪು ಡಯಲ್ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದ್ದರೆ, ಅದು ಒಳ್ಳೇ ವಯಸ್ಸು. ಸಮವಾಗಿ ಕಂದಾದ ಡಯಲ್‌ಗಳಿಗೆ ‘ಟ್ರಾಪಿಕಲ್’ ಅಂತ ಹೆಸರಿಟ್ಟು ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಆದರೆ ಕಲೆ ಮೂರು ಗಂಟೆಯ ಕಡೆಯಿಂದ, ಅಂದರೆ ಕೀ ಗುಂಡಿ ಇರುವ ಕಡೆಯಿಂದ ಒಳಗೆ ಹರಡಿದ್ದರೆ ಅದು ವಯಸ್ಸಲ್ಲ, ನೀರು. ಡಯಲ್ ಮೇಲೆ ಅಷ್ಟು ಕಂಡರೆ ಅದರ ಕೆಳಗಿನ ಉಕ್ಕಿನ ಭಾಗಗಳಲ್ಲಿ ತುಕ್ಕು ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ಹೆಜ್ಜೆ 3: ಕತ್ತಲಲ್ಲಿ ಹೊಳೆಯುವ ಬಣ್ಣ

ಮುಳ್ಳು ಮತ್ತು ಅಂಕಿಗಳ ಮೇಲಿನ ಹೊಳೆಯುವ ಬಣ್ಣ ಸುಳ್ಳು ಹೇಳುವುದು ಕಡಿಮೆ. ಸುಮಾರು 1960ರ ದಶಕದ ಶುರುವಿನವರೆಗೆ ರೇಡಿಯಂ ಬಳಸುತ್ತಿದ್ದರು. ಆಮೇಲೆ ಟ್ರಿಶಿಯಂ ಬಂತು. ಅದನ್ನು ಬಳಸಿದ ಎಷ್ಟೋ ಸ್ವಿಸ್ ಡಯಲ್‌ಗಳ ಕೆಳ ಅಂಚಿನಲ್ಲಿ ‘ಟಿ ಸ್ವಿಸ್ ಟಿ’ ಅಥವಾ ‘ಸ್ವಿಸ್ ಟಿ<25’ ಅಂತ ಬರೆದಿರುತ್ತದೆ. 1990ರ ದಶಕದ ಕೊನೆಗೆ ವಿಕಿರಣ ಇಲ್ಲದ ಲೂಮಿನೋವಾ ಬಗೆಯ ಬಣ್ಣಗಳು ಆ ಜಾಗ ಹಿಡಿದವು.

ಟ್ರಿಶಿಯಂನ ಶಕ್ತಿ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ ಆಗುತ್ತದೆ. 1970ರ ವಾಚಿನಲ್ಲಿ ಇಷ್ಟು ಹೊತ್ತಿಗೆ ಅದು ಹೆಚ್ಚುಕಡಿಮೆ ಸತ್ತಿದೆ. ಯುವಿ ಟಾರ್ಚ್ ಬಿಟ್ಟು ತೆಗೆಯಿರಿ. ಹಳೇ ಬಣ್ಣ ಒಂದಿಷ್ಟು ಮಿನುಗಿ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ‘ಟಿ’ ಗುರುತಿನ ಡಯಲ್ ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ. ಮುಳ್ಳಿನ ಬಣ್ಣವೂ ಡಯಲ್ ಬಣ್ಣವೂ ಒಂದೇ ಛಾಯೆ ಇರಬೇಕು. ಅಂಕಿ ಜೇನಿನ ಬಣ್ಣಕ್ಕೆ ತಿರುಗಿ, ಮುಳ್ಳು ಮಾತ್ರ ಬೆಳ್ಳಗಿದ್ದರೆ ಮುಳ್ಳು ಬದಲಾಗಿದೆ. ಮುಳ್ಳಿನ ಉದ್ದವನ್ನೂ ನೋಡಿ. ನಿಮಿಷದ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟಬೇಕು, ಅದಕ್ಕಿಂತ ಮೊದಲೇ ನಿಂತರೆ ಅದು ಬೇರೆ ವಾಚಿನದು.

ರೇಡಿಯಂ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ಡಯಲ್ ಈಗ ಹೊಳೆಯದೇ ಇರಬಹುದು. ಹೊಳೆಯುವ ರಾಸಾಯನಿಕ ಸುಟ್ಟುಹೋಗಿದೆ ಅಷ್ಟೇ, ರೇಡಿಯಂ ಹಾಗೇ ಇದೆ. ಅದರ ಶಕ್ತಿ ಅರ್ಧ ಆಗಲು ಸುಮಾರು 1600 ವರ್ಷ ಬೇಕು. ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಹಚ್ಚಿದ ಹುಡುಗಿಯರಲ್ಲಿ ಹಲವರು ದವಡೆ ಕೊಳೆತು ಸತ್ತರು. ಗಾಜು ಮುಚ್ಚಿದ ವಾಚನ್ನು ಕೈಯಲ್ಲಿ ಹಿಡಿದು ನೋಡಿದರೆ ಭಯ ಬೇಡ. ಆದರೆ ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಉದುರಿದ ಪುಡಿಯನ್ನು ಊದಬೇಡಿ, ಕೆರೆಯಬೇಡಿ. ಕೆಲಸ ಏನಿದ್ದರೂ ರೇಡಿಯಂ ಗೊತ್ತಿರುವ ರಿಪೇರಿಯವರೇ ಮಾಡಲಿ.

ಹೆಜ್ಜೆ 4: ಕೇಸ್ ಎಷ್ಟು ಸವೆದಿದೆ

ವಾಚನ್ನು ಪಕ್ಕಕ್ಕೆ ತಿರುಗಿಸಿ, ಬೆಲ್ಟ್ ಕೂರುವ ನಾಲ್ಕು ಕೊಂಬುಗಳನ್ನು ನೋಡಿ. ಕಾರ್ಖಾನೆಯಿಂದ ಬಂದಾಗ ಅವುಗಳ ಅಂಚು ಚೂಪಾಗಿರುತ್ತದೆ. ಮೇಲ್ಮೈ ಒಂದು ಕಡೆ ಗೆರೆ ಗೆರೆಯಾಗಿ, ಇನ್ನೊಂದು ಕಡೆ ಕನ್ನಡಿಯಂತೆ ಇದ್ದರೆ ಅವೆರಡರ ನಡುವಿನ ಗಡಿ ಚಾಕುವಿನಲ್ಲಿ ಕೊರೆದಂತೆ ಇರುತ್ತದೆ. ಪಾಲಿಶ್ ಚಕ್ರಕ್ಕೆ ಹಿಡಿದಾಗಲೆಲ್ಲ ಆ ಗಡಿ ಕರಗುತ್ತದೆ. ಮೂರು ನಾಲ್ಕು ಸಲ ಆದ ಮೇಲೆ ಕೊಂಬು ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ದುಂಡಗಾಗುತ್ತದೆ.

ಅಳೆಯಲು ಒಂದು ಸುಲಭ ದಾರಿ ಇದೆ. ಕೊಂಬಿನಲ್ಲಿ ಆಚೆಯಿಂದ ಈಚೆಗೆ ತೂತು ಇರುವ ಕೇಸಾದರೆ, ತೂತು ಅಂಚಿನಿಂದ ಎಷ್ಟು ದೂರ ಇದೆ ನೋಡಿ. ನಾಲ್ಕು ಕೊಂಬಿನಲ್ಲೂ ಒಂದೇ ಅಂತರ ಇರಬೇಕು. ಒಂದರಲ್ಲಿ ತೂತು ಅಂಚಿಗೆ ಬಂದು ಕೂತಿದ್ದರೆ ಅಲ್ಲಿ ಲೋಹ ಹೋಗಿದೆ. ಹಿಂಬದಿ ಮುಚ್ಚಳದ ಮೇಲೆ ಕೆತ್ತಿದ ಅಕ್ಷರವೂ ಸಾಕ್ಷಿ ಹೇಳುತ್ತದೆ. ಆಳವಾಗಿ, ಸ್ಪಷ್ಟವಾಗಿ ಇದ್ದರೆ ಒಳ್ಳೆಯದು. ಅರ್ಧ ಅಳಿಸಿದ್ದರೆ ಅದು ಚರ್ಮ ಉಜ್ಜಿ ಸವೆದದ್ದೋ, ಪಾಲಿಶ್ ಮಾಡಿದ್ದೋ ಅಂತ ಕೊಂಬು ನೋಡಿ ತಿಳಿಯಬಹುದು.

ಗೀರು ಬಿದ್ದ, ಆದರೆ ಪಾಲಿಶ್ ಆಗದ ಕೇಸ್ ನನಗೆ ಯಾವಾಗಲೂ ಇಷ್ಟ. ಹೊಳಪಿಗೆ ಮರುಳಾಗಿ ಸವೆದ ಕೇಸಿಗೆ ಜಾಸ್ತಿ ಕೊಡಬೇಡಿ.

ಲೋಹದ ಬಗ್ಗೆ ಮಾರುವವರ ಬಾಯಿ ಮಾತು ಬೇಡ, ಗುರುತು ಓದಿ. ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತಿದ್ದರೆ ಸ್ಟೀಲ್ ಇರುವುದು ಹಿಂಬದಿ ಮಾತ್ರ. ಉಳಿದದ್ದು ಮೇಲೆ ಲೇಪ ಕೊಟ್ಟ ಬೇರೆ ಲೋಹ. ಆ ಒಂದು ಪದ ಗಮನಿಸದೆ ಪೂರ್ತಿ ಸ್ಟೀಲ್ ಅಂತ ಕೊಂಡವರು ಎಷ್ಟೋ ಜನ. ಚಿನ್ನದಲ್ಲಿ 18 ಕ್ಯಾರೆಟ್‌ಗೆ 750, 14 ಕ್ಯಾರೆಟ್‌ಗೆ 585 ಎಂಬ ಮುದ್ರೆ ಇರುತ್ತದೆ. ‘20 ಮೈಕ್ರಾನ್’ ಅಂತಿದ್ದರೆ ಅದು ಲೇಪ. ‘ಜಿಎಫ್’ ಅಥವಾ ‘ಆರ್‌ಜಿಪಿ’ ಅಂತಿದ್ದರೆ ಚಿನ್ನದ ತೆಳು ಹಾಳೆ ಹೊದಿಸಿದ್ದು. ಇವೆಲ್ಲ ಮೊದಲು ಸವೆಯುವುದು ಕೊಂಬಿನ ಮೂಲೆಗಳಲ್ಲಿ ಮತ್ತು ಬೆಲ್ಟ್ ಉಜ್ಜುವ ಹಿಂಬದಿಯಲ್ಲಿ. ಅಲ್ಲಿ ಹಿತ್ತಾಳೆ ಇಣುಕುತ್ತಿದ್ದರೆ ಮತ್ತೆ ಲೇಪ ಕೊಡಿಸಬಹುದು, ಆದರೆ ಕೊಟ್ಟ ದುಡ್ಡು ವಾಪಸ್ ಹುಟ್ಟುವುದಿಲ್ಲ.

ಹೆಜ್ಜೆ 5: ಗಾಜು, ಗುಂಡಿ, ಚೈನ್

ಇಲ್ಲಿ ಹೆಚ್ಚು ಹೊತ್ತು ಬೇಡ. ಹಳೇ ವಾಚುಗಳ ಗಾಜು ಬಹುಪಾಲು ಅಕ್ರಿಲಿಕ್ ಪ್ಲಾಸ್ಟಿಕ್. ಗೀರು ಬಿದ್ದರೆ ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ, ಬಿರುಕಿದ್ದರೆ ಬದಲಿಸಬೇಕು. ಒಮೆಗಾದ ಎಷ್ಟೋ ಅಕ್ರಿಲಿಕ್ ಗಾಜುಗಳ ನಟ್ಟನಡುವೆ ಕಂಪನಿಯ ಗುರುತು ಕಂಡೂ ಕಾಣದಷ್ಟು ಚಿಕ್ಕದಾಗಿ ಇರುತ್ತದೆ. ಬೆಳಕಿಗೆ ಓರೆ ಮಾಡಿ ಹಿಡಿದು ಹುಡುಕಿ, ಸಿಕ್ಕಿದಾಗ ಆಗುವ ಖುಷಿಯೇ ಬೇರೆ. ಗುಂಡಿಯ ಮೇಲೆ ಕಂಪನಿಯ ಗುರುತು ಇರಬೇಕಾದ ಮಾಡೆಲ್‌ನಲ್ಲಿ ಬೋಳು ಗುಂಡಿ ಇದ್ದರೆ ಬೆಲೆ ಕಡಿಮೆ ಮಾಡಿಸಿ. ಲೋಹದ ಚೈನ್ ಮೂಲದ್ದಾಗಿದ್ದರೆ ಅದಕ್ಕೆ ಬೇರೆಯೇ ಬೆಲೆ ಇದೆ. ಅದನ್ನು ಅಡ್ಡ ಹಿಡಿದಾಗ ಹಾವಿನ ಹಾಗೆ ಜೋತುಬಿದ್ದರೆ ಕೊಂಡಿಗಳು ಸವೆದಿವೆ.

ಹೆಜ್ಜೆ 6: ಮಷಿನ್

ಮೊದಲು ಮುಚ್ಚಳ ತೆಗೆಯದೆ ಮಾಡುವ ಪರೀಕ್ಷೆ. ನಿಧಾನಕ್ಕೆ ಕೀ ಕೊಡಿ. ಬೆರಳಿಗೆ ಸಣ್ಣ ಸಣ್ಣ ಕಟ್‌ಕಟ್ ಸಮವಾಗಿ ಸಿಗಬೇಕು. ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಒಳಗೆ ಕೊಳೆ ಅಥವಾ ತುಕ್ಕು. ಕೈಯಲ್ಲಿ ಕೀ ಕೊಡುವ ವಾಚ್ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಹೋದರೆ ಮುಖ್ಯ ಸ್ಪ್ರಿಂಗ್ ತುಂಡಾಗಿರಬಹುದು. ಆಟೋಮ್ಯಾಟಿಕ್‌ನಲ್ಲಿ ಮಾತ್ರ ಬಿಗಿಯಾಗದೆ ಜಾರುವುದು ಸಹಜ.

ಗುಂಡಿ ಎಳೆದು ಮುಳ್ಳು ತಿರುಗಿಸಿ. ಸ್ವಲ್ಪ ಹಿಡಿತ ಇರಬೇಕು. ಗಾಳಿಯಲ್ಲಿ ತಿರುಗಿಸಿದಂತೆ ಸಡಿಲ ಇದ್ದರೆ ವಾಚ್ ಓಡುತ್ತಿದ್ದರೂ ಮುಳ್ಳು ಹಿಂದೆ ಬೀಳುತ್ತದೆ. ತಾರೀಖಿದ್ದರೆ ಮುಳ್ಳನ್ನು ಹನ್ನೆರಡು ದಾಟಿಸಿ, ತಾರೀಖು ಪೂರ್ತಿ ಬದಲಾಗಿ ಕಿಟಕಿಯ ನಡುವೆ ನಿಲ್ಲುತ್ತದಾ ನೋಡಿ. ತಾರೀಖನ್ನು ನೇರವಾಗಿ ಬದಲಿಸುವ ಸೌಲಭ್ಯ ಇದ್ದರೆ, ಮುಳ್ಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಇರುವಾಗ ಅದನ್ನು ಬಳಸಬೇಡಿ. ಆ ಹೊತ್ತಿನಲ್ಲಿ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಮುರಿಯಬಹುದು. ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚ್) ಆದರೆ ಶುರು ಮಾಡಿ, ನಿಲ್ಲಿಸಿ, ಸೊನ್ನೆಗೆ ತನ್ನಿ. ಮುಳ್ಳು ನೆಟ್ಟಗೆ ಹನ್ನೆರಡಕ್ಕೆ ಬಂದು ನಿಲ್ಲಬೇಕು. ಐದಾರು ಸಲ ಮಾಡಿ ನೋಡಿ, ಒಂದು ಸಲ ಸರಿ ಬಂದರೆ ಸಾಲದು.

ದಿಕ್ಸೂಚಿಯನ್ನು ವಾಚಿನ ಹತ್ತಿರ ತನ್ನಿ. ಮುಳ್ಳು ಜೋರಾಗಿ ಅಲ್ಲಾಡಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ. ಇಂಥ ವಾಚ್ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು, ನೋಡಿದವರು ಕೆಟ್ಟಿದೆ ಅಂತ ಹೆದರುತ್ತಾರೆ. ಅಯಸ್ಕಾಂತ ತೆಗೆಯುವುದು ಕ್ಷಣದ ಕೆಲಸ. ಬೇರೆ ಎಲ್ಲಾ ಸರಿ ಇದ್ದರೆ ಇದು ನಿಮಗೆ ಅದೃಷ್ಟ.

ಈಗ ಮುಚ್ಚಳ ತೆಗೆಸಿ. ಕೆಲಸ ಗೊತ್ತಿದ್ದವರು, ಸರಿಯಾದ ಹತಾರ ಹಿಡಿದು ತೆಗೆಯಲಿ. ಮೊದಲು ಸ್ಕ್ರೂಗಳ ತಲೆ ನೋಡಿ. ಸೀಳು ನೇರವಾಗಿ, ಅಂಚು ಚೂಪಾಗಿ ಇದ್ದರೆ ಈ ವಾಚಿಗೆ ಕೈ ಹಾಕಿದವರು ಕೆಲಸ ಬಲ್ಲವರು. ಸೀಳು ಹರಿದು, ಸುತ್ತ ಗೀರು ತುಂಬಿದ್ದರೆ ಅಲ್ಲದ ಕೈಗೆ ಸಿಕ್ಕಿದೆ. ಆಮೇಲೆ ತುಕ್ಕು. ಕೀ ಗುಂಡಿಯಿಂದ ಒಳಗೆ ಹೋಗುವ ಸಣ್ಣ ಕಡ್ಡಿ ಮತ್ತು ಅದರ ಸುತ್ತಿನ ಭಾಗಗಳನ್ನು ಮೊದಲು ನೋಡಿ, ನೀರು ಬರುವುದು ಆ ದಾರಿಯಲ್ಲೇ. ಆಟೋಮ್ಯಾಟಿಕ್‌ನಲ್ಲಿ ತಿರುಗುವ ತೂಕದ ಕೆಳಗೆ ಅರ್ಧಚಂದ್ರದ ಹಾಗೆ ಉಜ್ಜಿದ ಗುರುತಿದ್ದರೆ ಅದರ ಬೇರಿಂಗ್ ಸವೆದಿದೆ. ಮುಚ್ಚಳದ ಒಳಮೈ ನೋಡಲು ಮರೆಯಬೇಡಿ. ಹಿಂದಿನ ರಿಪೇರಿಯವರು ಸೂಜಿಯಂಥ ಮೊನೆಯಲ್ಲಿ ಕೆರೆದ ತಾರೀಖು, ಗುರುತುಗಳು ಅಲ್ಲಿರುತ್ತವೆ. ಮೂರು ನಾಲ್ಕು ಬೇರೆ ಬೇರೆ ಕೈಬರಹ ಕಂಡರೆ ಸಂತೋಷಪಡಿ. ಆ ವಾಚನ್ನು ಯಾರೋ ಕಾಲಕಾಲಕ್ಕೆ ನೋಡಿಕೊಂಡಿದ್ದಾರೆ.

ಟೈಮ್‌ಗ್ರಾಫರ್ ಇದ್ದರೆ ಅದರ ಮೇಲಿಡಿ. ವಾಚಿನ ಟಿಕ್ ಶಬ್ದ ಕೇಳಿ ಮೂರು ಅಂಕಿ ತೋರಿಸುವ ಯಂತ್ರ ಅದು. ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ ಮುಂದೆ ಅನ್ನುವುದನ್ನೇ ಎಲ್ಲರೂ ಮೊದಲು ನೋಡುತ್ತಾರೆ. ಆದರೆ ಒಂದು ಪುಟ್ಟ ಕಡ್ಡಿ ಸರಿಸಿದರೆ ಆ ಅಂಕಿಯನ್ನು ಸರಿ ಕಾಣುವಂತೆ ಮಾಡಬಹುದು, ಒಳಗೆ ಎಣ್ಣೆ ಒಣಗಿ ಅಂಟಾಗಿದ್ದರೂ. ನೀವು ನೋಡಬೇಕಾದದ್ದು ಆಂಪ್ಲಿಟ್ಯೂಡ್. ಅಂದರೆ ಹಿಂದೆ ಮುಂದೆ ಆಡುತ್ತಾ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬುದು. ಪೂರ್ತಿ ಕೀ ಕೊಟ್ಟು ಡಯಲ್ ಮೇಲೆ ಮಾಡಿ ಇಟ್ಟಾಗ 270ರಿಂದ 300 ಇದ್ದರೆ ಆರೋಗ್ಯ ಚೆನ್ನಾಗಿದೆ. ಹಳೇ ಮಷಿನ್‌ಗೆ 230, 250 ಬಂದರೂ ಪರವಾಗಿಲ್ಲ. 200ಕ್ಕಿಂತ ಕೆಳಗೆ ಇದ್ದರೆ ಸರ್ವೀಸ್ ಖರ್ಚು ಖಂಡಿತ. ವಾಚನ್ನು ನೆಟ್ಟಗೆ ನಿಲ್ಲಿಸಿ ಹಿಡಿದಾಗ ಅಂಕಿ ಒಂದಿಷ್ಟು ಇಳಿಯುವುದು ಸಹಜ, ಧಡಕ್ಕನೆ ಬಿದ್ದರೆ ಅಲ್ಲ. ಯಂತ್ರದಲ್ಲಿ ಲಿಫ್ಟ್ ಆಂಗಲ್ ಅಂತ ಒಂದು ಸೆಟ್ಟಿಂಗ್ ಇದೆ, ಸಾಮಾನ್ಯವಾಗಿ 52ಕ್ಕೆ ಇಟ್ಟಿರುತ್ತಾರೆ. ನಿಮ್ಮ ಮಷಿನ್‌ಗೆ ಅದು ಬೇರೆಯಾಗಿದ್ದರೆ ತೋರುವ ಆಂಪ್ಲಿಟ್ಯೂಡ್ ತಪ್ಪು. ಮೂರನೆಯ ಅಂಕಿ ಬೀಟ್ ಎರರ್, ಅಂದರೆ ಟಿಕ್‌ಗೂ ಟಾಕ್‌ಗೂ ಹಿಡಿಯುವ ಸಮಯದ ವ್ಯತ್ಯಾಸ, ಒಂದು ಮಿಲಿಸೆಕೆಂಡಿನ ಒಳಗಿದ್ದರೆ ಸಾಕು.

ಹೆಜ್ಜೆ 7: ಎಲ್ಲಾ ಭಾಗ ಒಂದೇ ವಾಚಿನದಾ?

ಒಂದರ ಕೇಸ್, ಇನ್ನೊಂದರ ಡಯಲ್, ಮತ್ತೊಂದರ ಮಷಿನ್ ಸೇರಿಸಿ ಕಟ್ಟಿದ ವಾಚಿಗೆ ಫ್ರ್ಯಾಂಕನ್ ವಾಚ್ ಅನ್ನುತ್ತಾರೆ. ಇದನ್ನು ಹಿಡಿಯುವುದು ನಂಬರುಗಳಿಂದ.

ಸೀಕೊ ವಾಚುಗಳಲ್ಲಿ ಕಲಿಯುವುದು ಸುಲಭ. ಮುಚ್ಚಳದ ಮೇಲೆ 6139-6002 ಅಂತಿದ್ದರೆ, ಮೊದಲ ನಾಲ್ಕು ಅಂಕಿ ಮಷಿನ್‌ನದು, ಆಮೇಲಿನ ನಾಲ್ಕು ಕೇಸಿನದು. ಒಳಗಿನ ಮಷಿನ್ ಮೇಲೂ 6139 ಇರಬೇಕು. ಡಯಲ್‌ನ ಕೆಳ ಅಂಚಿನ ಸಣ್ಣ ಬರಹವೂ ಅದೇ ನಾಲ್ಕು ಅಂಕಿಯಿಂದ ಶುರುವಾಗಬೇಕು. ಸೀರಿಯಲ್ ನಂಬರಿನ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. 74ರಿಂದ ಶುರುವಾದರೆ ಏಳರಲ್ಲಿ ಕೊನೆಯಾಗುವ ಇಸವಿಯ ಏಪ್ರಿಲ್. ಈ ಮಷಿನ್ ಬಂದದ್ದೇ 1969ರಲ್ಲಿ, ಹಾಗಾಗಿ ಅದು 1977.

ಒಮೆಗಾದಲ್ಲಿ ಹಳೇ ಸೀರಿಯಲ್ ನಂಬರ್ ಮಷಿನ್ ಮೇಲೆ ಇರುತ್ತದೆ, ಮಾಡೆಲ್ ನಂಬರ್ ಮುಚ್ಚಳದ ಒಳಗೆ. ಹಳೇ ರೋಲೆಕ್ಸ್‌ನಲ್ಲಿ ಬೆಲ್ಟ್ ಬಿಚ್ಚಿದರೆ ಕೊಂಬುಗಳ ನಡುವೆ ಎರಡೂ ಸಿಗುತ್ತವೆ: ಹನ್ನೆರಡರ ಕಡೆ ಮಾಡೆಲ್, ಆರರ ಕಡೆ ಸೀರಿಯಲ್. ಸೀರಿಯಲ್ ಹೇಳುವ ಇಸವಿಯೂ ಮಾಡೆಲ್ ತಯಾರಾದ ಇಸವಿಯೂ ಹೊಂದಬೇಕು.

ದೊಡ್ಡ ಕಡೆ ಕೊಂಡರೆ ಈ ಭಯ ಇಲ್ಲ ಅಂದುಕೊಳ್ಳಬೇಡಿ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ ಒಮೆಗಾದ 1957ರ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮೇಲೆ ಹೋಯಿತು. ಕಂದು ಬಣ್ಣಕ್ಕೆ ತಿರುಗಿದ ಅದರ ಡಯಲ್ ನೋಡಿ ಜಗತ್ತೇ ಬೆರಗಾಯಿತು. 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು, ಅದು ಬೇರೆ ಬೇರೆ ಭಾಗ ಸೇರಿಸಿ ಕಟ್ಟಿದ್ದು ಅಂತ. ಅಷ್ಟು ಪಳಗಿದ ಕಣ್ಣುಗಳೇ ಮೋಸ ಹೋದ ಮೇಲೆ ನಾವು ನಂಬರ್ ನೋಡದೆ ಕೊಳ್ಳುವುದು ಸರಿಯಲ್ಲ, ಅಲ್ವಾ?

ಹೆಜ್ಜೆ 8: ಬೆಲೆ ಕಟ್ಟುವುದು

ಜನ ಹೇಳುವ ಬೆಲೆ ಬೇರೆ, ಮಾರಾಟ ಆದ ಬೆಲೆ ಬೇರೆ. ಮೊದಲನೆಯದು ಆಸೆ. ಎರಡನೆಯದು ಮಾತ್ರ ಲೆಕ್ಕಕ್ಕೆ. ಅದೇ ಮಾಡೆಲ್ ಕಳೆದ ಒಂದು ವರ್ಷದಲ್ಲಿ ನಿಜವಾಗಿ ಮಾರಾಟವಾದ ಆರೆಂಟು ಉದಾಹರಣೆ ಹುಡುಕಿ. ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಕೆಳಗಿನದು ಬಿಡಿ. ಹರಾಜಿನ ಬೆಲೆ ನೋಡುವಾಗ ಕೊಂಡವರು ಕಟ್ಟಿದ ಕಮಿಷನ್ ಸೇರಿದೆಯಾ, ಇಲ್ವಾ ಅಂತಲೂ ನೋಡಿ. ವಾಚಿನ ಹೆಸರಿನಿಂದ ಹೋಲಿಸಬೇಡಿ, ಸ್ಥಿತಿಯಿಂದ ಹೋಲಿಸಿ.

ನಾನು ಲೆಕ್ಕ ಮಾಡುವ ರೀತಿ ಇದು. ಡಯಲ್ ಮೂಲದ್ದು, ಕೇಸ್ ಸವೆದಿಲ್ಲ, ಸರ್ವೀಸ್ ಆಗಿದೆ, ಹೀಗಿರುವ ವಾಚ್ 100ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಮುಂದಿರುವುದರ ಡಯಲ್ ಚೆನ್ನಾಗಿದೆ. ಸರ್ವೀಸ್ ಯಾವಾಗ ಆಯಿತೋ ಗೊತ್ತಿಲ್ಲ. ನಿಮ್ಮ ರಿಪೇರಿಯವರನ್ನು ಮೊದಲೇ ಕೇಳಿದ್ದೀರಿ, ಅವರು ಹೇಳಿದ ಖರ್ಚು 20. ಉಳಿದದ್ದು 80. ಕೀ ಗುಂಡಿ ಮೂಲದ್ದಲ್ಲ, ಸರಿಯಾದದ್ದು ಹುಡುಕಿ ಹಾಕಲು 5. ಗಾಜಿಗೆ 3. ಕೇಸ್ ಒಂದು ಸಲ ಹಗುರಾಗಿ ಪಾಲಿಶ್ ಆಗಿದೆ, ಅದಕ್ಕೆ 10. ಈಗ 62. ಒಳಗೆ ಕಾಣದ ತೊಂದರೆಗೆ ಇನ್ನು 5 ಕಳೆಯಿರಿ. ನನ್ನ ಮಿತಿ 57. ಅದರ ಮೇಲೆ ಒಂದು ಪೈಸೆ ಕೊಡುವಾಗಲೂ ಕಾರಣ ಬೇಕು. ಸರ್ವೀಸ್, ಗುಂಡಿ, ಗಾಜು ಮೂರೂ ಖರ್ಚು ಮಾಡಿದರೆ ಸರಿ ಹೋಗುತ್ತವೆ. ಕೇಸಿನ ಹತ್ತು ಮಾತ್ರ ಶಾಶ್ವತ ನಷ್ಟ.

ರೀಡಯಲ್ ಆದ ವಾಚಿಗೆ ಈ ಲೆಕ್ಕ ನಾನು ಅರ್ಧದಿಂದಲೇ ಶುರು ಮಾಡುತ್ತೇನೆ. ಇಷ್ಟಪಟ್ಟು ಕಟ್ಟಿಕೊಳ್ಳಲು ಅದು ಒಳ್ಳೇ ವಾಚೇ ಇರಬಹುದು, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಲಿ.

‘ಈಗಷ್ಟೇ ಸರ್ವೀಸ್ ಆಗಿದೆ’ ಅನ್ನುವ ಮಾತಿಗೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಸರ್ವೀಸ್ ಆಗಿಲ್ಲ ಅಂತಲೇ ಲೆಕ್ಕ. ಕ್ರೋನೋಗ್ರಾಫ್ ಆದರೆ ಸರ್ವೀಸ್ ಖರ್ಚು ಸಾದಾ ವಾಚಿಗಿಂತ ಬಹಳ ಜಾಸ್ತಿ, ಕೇಳದೆ ಮುಂದೆ ಹೋಗಬೇಡಿ. ಚಿನ್ನದ ಕೇಸಿಗೆ ಕೆಳಗಿನ ಮಿತಿ ಲೋಹವೇ ಹಾಕುತ್ತದೆ. ಮಷಿನ್ ತೆಗೆದ ಮೇಲಿನ ತೂಕದಲ್ಲಿ 18 ಕ್ಯಾರೆಟ್‌ಗೆ ಮುಕ್ಕಾಲು ಭಾಗ, 14 ಕ್ಯಾರೆಟ್‌ಗೆ ನೂರಕ್ಕೆ ಸುಮಾರು 58 ಭಾಗ ಚಿನ್ನ. ಡಬ್ಬಿ, ಕಾಗದಪತ್ರ ಇದ್ದರೆ ಬೆಲೆ ಏರುತ್ತದೆ, ಆದರೆ ಕಾಗದದ ಸೀರಿಯಲ್ ವಾಚಿನ ಸೀರಿಯಲ್ ಜೊತೆ ಹೊಂದಿದರೆ ಮಾತ್ರ. ಖಾಲಿ ಡಬ್ಬಿ ಬೇರೆಯಾಗಿಯೂ ಮಾರಾಟಕ್ಕೆ ಸಿಗುತ್ತದೆ.

ಭಾಗಗಳು ಸಿಗುತ್ತವಾ ಅನ್ನುವುದೂ ಬೆಲೆಯೇ. ಇಟಿಎ, ಯೂನಿಟಾಸ್, ಎಎಸ್ ಥರದ ಸ್ವಿಸ್ ಕಂಪನಿಗಳ ಸಾಮಾನ್ಯ ಮಷಿನ್ ಇದ್ದರೆ ರಿಪೇರಿಯವರು ಮುಖ ಸಿಂಡರಿಸುವುದಿಲ್ಲ. ಅದೇ 1960ರಲ್ಲಿ ಬುಲೋವಾ ಕಂಪನಿ ತಂದ, ಸೆಲ್‌ನಿಂದ ಓಡುವ ಅಕ್ಯೂಟ್ರಾನ್ ನೋಡಿ. ಅದು ಟಿಕ್ ಅನ್ನುವುದಿಲ್ಲ, ಗುಂಯ್ ಅನ್ನುತ್ತದೆ. ಒಳಗೆ ಸೆಕೆಂಡಿಗೆ 360 ಸಲ ಕಂಪಿಸುವ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್), ಎರಡೂವರೆ ಮಿಲಿಮೀಟರ್ ಕೂಡ ಇಲ್ಲದ ಚಕ್ರದಲ್ಲಿ 300 ಹಲ್ಲು. ಕಿವಿಗೆ ಹಿಡಿದರೆ ಕೆಳಗಿಡಲು ಮನಸ್ಸೇ ಬರಲ್ಲ. ಆದರೆ ಅದನ್ನು ಸರಿ ಮಾಡಬಲ್ಲ ಕೈಗಳು ಕಡಿಮೆ. ರಿಪೇರಿಯವರನ್ನು ಮೊದಲು ಹುಡುಕಿ, ವಾಚನ್ನು ಆಮೇಲೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ: 33ರಿಂದ 35 ಮಿಲಿಮೀಟರ್ ಅಗಲದ, ಮೂರು ಮುಳ್ಳಿನ, ತಾರೀಖಿಲ್ಲದ ಸ್ಟೀಲ್ ವಾಚ್. 1950, 60ರ ದಶಕದಲ್ಲಿ ಗಂಡಸರ ವಾಚ್ ಅಷ್ಟೇ ಇರುತ್ತಿತ್ತು. ಈಗ ದೊಡ್ಡದರ ಹಿಂದೆ ಓಡುವವರು ಜಾಸ್ತಿ, ಹಾಗಾಗಿ ಒಳ್ಳೇ ಮಷಿನ್ ಇರುವ ಚಿಕ್ಕ ವಾಚುಗಳು ಇನ್ನೂ ಕೈಗೆಟುಕುತ್ತವೆ.

ಹೆಜ್ಜೆ 9: ದುಡ್ಡು ಕೊಡುವಾಗ, ಕೊಟ್ಟ ಮೇಲೆ

ಚೌಕಾಸಿ ಮಾಡುವಾಗ ವಾಚನ್ನು ಹೀಯಾಳಿಸಬೇಡಿ. ಕಂಡ ತೊಂದರೆ, ಅದಕ್ಕೆ ಆಗುವ ಖರ್ಚು, ನಿಮ್ಮ ಬೆಲೆ, ಈ ಮೂರನ್ನು ಸಮಾಧಾನವಾಗಿ ಹೇಳಿ. ಡಯಲ್ ಮೂಲದ್ದು, ಭಾಗಗಳು ಬದಲಾಗಿಲ್ಲ ಅಂತ ಅವರು ಹೇಳಿದ್ದರೆ ಅದನ್ನು ಬರೆದು ಕೊಡಲಿ. ಎಷ್ಟು ದಿನದ ಒಳಗೆ ವಾಪಸ್ ಕೊಡಬಹುದು ಅನ್ನುವುದೂ ಅದರಲ್ಲಿರಲಿ. ‘ಇನ್ನೊಬ್ಬರು ಸಂಜೆ ಬರ್ತಾರೆ’ ಅಂದರೆ ಬರಲಿ ಬಿಡಿ. ಅವಸರದಲ್ಲಿ ಡಯಲ್ ನೋಡಲು ಆಗುವುದಿಲ್ಲ.

ಕೊಂಡ ಮೇಲೆ ಅದನ್ನು ದಿನಾ ಕಟ್ಟಿಕೊಳ್ಳುವ ಮುಂಚೆ ಸರ್ವೀಸ್ ಮಾಡಿಸಿ. ಒಣ ಎಣ್ಣೆಯಲ್ಲಿ ಓಡಿದಷ್ಟೂ ಒಳಗಿನ ಉಕ್ಕು ಸವೆಯುತ್ತದೆ. ಮುಚ್ಚಳದ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದ್ದರೂ ನೀರಿನಿಂದ ದೂರ ಇಡಿ, ಒಳಗಿನ ರಬ್ಬರ್ ಎಂದೋ ಗಟ್ಟಿಯಾಗಿರುತ್ತದೆ.

ಸರ್ವೀಸಿಗೆ ಕೊಡುವಾಗ ಒಂದು ಚೀಟಿ ಬರೆದು ವಾಚಿನ ಜೊತೆ ಇಡಿ: ಕೇಸ್ ಪಾಲಿಶ್ ಬೇಡ, ಡಯಲ್ ಉಜ್ಜಬೇಡಿ, ಮುಳ್ಳಿಗೆ ಹೊಸ ಬಣ್ಣ ಬೇಡ, ಬದಲಿಸಿದ ಹಳೇ ಭಾಗಗಳನ್ನೆಲ್ಲ ವಾಪಸ್ ಕೊಡಿ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ವಾಪಸ್ ಬಂದ ಭಾಗಗಳನ್ನು ಪುಟ್ಟ ಕವರಿನಲ್ಲಿ ಹಾಕಿ, ತಾರೀಖು ಬರೆದು ಇಟ್ಟುಕೊಳ್ಳಿ. ಸವೆದ ಗುಂಡಿಯೇ ಇರಲಿ, ತುಂಡಾದ ಸ್ಪ್ರಿಂಗೇ ಇರಲಿ, ಆ ಕವರು ವಾಚಿನ ಜೊತೆಗೇ ಮುಂದಿನವರ ಕೈಗೆ ಹೋಗಬೇಕು.